ಬೆನ್ನಿಗೆ ಎರಡನೇ ಆಪರೇಷನ್: ಒಪ್ಪುವ ಮೊದಲು ತಿಳಿದಿರಬೇಕಾದ ಮಾತುಗಳು



ಮಕ್ಕಳ ಮನೆಗೆಂದು ಇಷ್ಟು ದೂರ ಬಂದಿದ್ದೀರಿ. ಇಂದು ದೇವಸ್ಥಾನದ ಆರೋಗ್ಯ ಶಿಬಿರಕ್ಕೂ ಬಂದಿದ್ದೀರಿ. ಬಿಪಿ, ಶುಗರ್ ನೋಡಿಸಿಕೊಳ್ಳುವ ಸಾಲಿನಲ್ಲಿ ಕುಳಿತಿರುವಾಗ ಇದನ್ನು ನಿಧಾನವಾಗಿ ಓದಿ. ಮನೆಗೆ ತೆಗೆದುಕೊಂಡು ಹೋಗಿ ಮಕ್ಕಳಿಗೂ ಓದಿ ಹೇಳಿ.

ಪ್ರತಿ ಶಿಬಿರದಲ್ಲೂ ನನ್ನ ಮೇಜಿನ ಮುಂದೆ ಇಬ್ಬರೋ ಮೂವರೋ ಹಿರಿಯರು ಒಂದೇ ಪ್ರಶ್ನೆ ಕೇಳುತ್ತಾರೆ. "ಡಾಕ್ಟ್ರೇ, ಎಂಟು ಹತ್ತು ವರ್ಷದ ಹಿಂದೆ ಊರಲ್ಲಿ ಬೆನ್ನಿನ ಆಪರೇಷನ್ ಆಯ್ತು. ಸ್ಕ್ರೂ, ರಾಡು ಹಾಕಿದ್ದಾರೆ. ಚೆನ್ನಾಗೇ ಇದ್ದೆ. ಈಗ ಮತ್ತೆ ಬೆನ್ನು ಬಾಗ್ತಾ ಇದೆ, ನಿಲ್ಲೋಕೆ ಆಗಲ್ಲ. ಇನ್ನೊಂದು ಆಪರೇಷನ್ ಬೇಕು ಅಂತಾರೆ. ಮಾಡಿಸಬಹುದಾ?" ಇದಕ್ಕೆ ಐದು ನಿಮಿಷದಲ್ಲಿ ಉತ್ತರ ಕೊಡಲಾಗದು. ಅದಕ್ಕೇ ಈ ಬರಹ.

ನಾನು ಸ್ಪೈನ್ ಸರ್ಜನ್ ಅಲ್ಲ, ಇಂಟರ್ನಲ್ ಮೆಡಿಸಿನ್ ವೈದ್ಯ. ಆದರೆ ಈ ಪ್ರಶ್ನೆ ನನ್ನ ಸ್ವಂತ ಮನೆಗೂ ಬಂದಿತ್ತು. ಆ ಮಾತನ್ನೂ ಹೇಳುತ್ತೇನೆ.

ನಮ್ಮ ಬೆನ್ನು ನೇರವಾಗಿಲ್ಲ, ನೇರ ಇರಲೂಬಾರದು

ಬೆನ್ನುಮೂಳೆಯನ್ನು ಪಕ್ಕದಿಂದ ನೋಡಿದರೆ ಅದು ಕೋಲಿನ ಹಾಗೆ ಇರುವುದಿಲ್ಲ. ಕುತ್ತಿಗೆ ಒಳಕ್ಕೆ ಬಾಗಿರುತ್ತದೆ, ಎದೆಯ ಹಿಂಭಾಗ ಹೊರಕ್ಕೆ, ಸೊಂಟ ಮತ್ತೆ ಒಳಕ್ಕೆ. ಈ ಬಾಗುಗಳು ಸರಿಯಾಗಿದ್ದರೆ ತಲೆಯ ಭಾರ ನೇರವಾಗಿ ಸೊಂಟದ ಬುಡದ ಮೇಲೆ ಬೀಳುತ್ತದೆ. ಆಗ ನಿಲ್ಲುವುದಕ್ಕೆ ಹೆಚ್ಚು ಶ್ರಮ ಬೇಡ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆಯುತ್ತಿದ್ದ ಹೆಂಗಸರನ್ನು ನೆನಪಿಸಿಕೊಳ್ಳಿ. ಭಾರ ನೆತ್ತಿಯ ಮೇಲೆ ಸರಿಯಾಗಿ ಕೂತಿದ್ದರೆ ಮೈಲಿ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಮುಂದೆ ಹಿಡಿದರೆ ಹತ್ತು ಹೆಜ್ಜೆಗೇ ಸಾಕಾಗುತ್ತದೆ.

ಸೊಂಟದ ಭಾಗದಲ್ಲಿ ಐದು ಮೂಳೆಗಳಿವೆ. ಅಲ್ಲಿನ ಒಳಬಾಗಿನಲ್ಲಿ ಸುಮಾರು ಮೂರನೇ ಎರಡು ಪಾಲು ಕೆಳಗಿನ ಎರಡು ಕೀಲುಗಳಲ್ಲೇ ಇದೆ. ಬಹಳ ಜನರಿಗೆ ಮೊದಲ ಆಪರೇಷನ್ ಆಗುವುದೂ ಅಲ್ಲೇ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಫ್ಯೂಷನ್ ಎಂದರೆ ಎರಡು ಅಥವಾ ಹೆಚ್ಚು ಮೂಳೆಗಳನ್ನು ಬೆಸೆದು ಒಂದು ಮಾಡುವುದು. ಸ್ಕ್ರೂ ಮತ್ತು ರಾಡು ತಾತ್ಕಾಲಿಕವಾಗಿ ಹಿಡಿದಿಡುತ್ತವೆ. ನಿಜವಾದ ಬೆಸುಗೆ ಮೂಳೆ ಬೆಳೆದು ಕೂಡಿಕೊಂಡಾಗ ಆಗುತ್ತದೆ. ಬೆಸೆದ ಭಾಗ ಮುಂದೆ ಎಂದೂ ಬಾಗುವುದಿಲ್ಲ. ಯಾವ ಆಕಾರದಲ್ಲಿ ಬೆಸೆದರೋ ಅದೇ ಆಕಾರ ಉಳಿಯುತ್ತದೆ.

ಆಪರೇಷನ್ ಆದವರ ಬೆನ್ನು ಮತ್ತೆ ಏಕೆ ಬಾಗುತ್ತದೆ?

ಮುಖ್ಯವಾಗಿ ನಾಲ್ಕು ಕಾರಣಗಳು.

1. ಚಪ್ಪಟೆಯಾಗಿ ಬೆಸೆದಿರುವುದು. ಸೊಂಟದ ಒಳಬಾಗು ಉಳಿಯದೆ ಮೂಳೆಗಳು ಕೂಡಿಕೊಂಡರೆ ಮೇಲಿನ ಮೈಯೆಲ್ಲ ಮುಂದಕ್ಕೆ ವಾಲುತ್ತದೆ. ಇದಕ್ಕೆ ಫ್ಲ್ಯಾಟ್ ಬ್ಯಾಕ್ ಎಂದು ಹೆಸರು. ಅಮೆರಿಕದ ಹ್ಯೂಸ್ಟನ್ ನಗರದ ಡಾ. ಪಾಲ್ ಹ್ಯಾರಿಂಗ್ಟನ್ ಅವರು ಮಕ್ಕಳ ಗೂನುಬೆನ್ನಿಗೆಂದು ಮಾಡಿದ ಉಕ್ಕಿನ ರಾಡನ್ನು 1962ರಲ್ಲಿ ವೈದ್ಯಲೋಕಕ್ಕೆ ವಿವರಿಸಿದರು. ಅದು ಎಷ್ಟೋ ಮಕ್ಕಳ ಬಾಳು ಬೆಳಗಿಸಿತು. ಆದರೆ ಆ ರಾಡು ಬೆನ್ನನ್ನು ಉದ್ದಕ್ಕೆ ಎಳೆಯುತ್ತಿದ್ದುದರಿಂದ ಸೊಂಟದ ಬಾಗು ಹೋಗಿಬಿಡುತ್ತಿತ್ತು. ಹದಿಹರೆಯದಲ್ಲಿ ಅದನ್ನು ಹಾಕಿಸಿಕೊಂಡ ಹಲವರು ನಡುವಯಸ್ಸಿಗೆ ಬರುವಾಗ ಮುಂದಕ್ಕೆ ಬಾಗತೊಡಗಿದರು. ಈ ತೊಂದರೆ ವೈದ್ಯರಿಗೆ ಚೆನ್ನಾಗಿ ಅರ್ಥವಾದದ್ದು ಅವರಿಂದಲೇ.

2. ಪಕ್ಕದ ಕೀಲು ಸವೆಯುವುದು. ಬೆಸೆದ ಭಾಗ ಬಾಗದಿದ್ದಾಗ ಅದರ ಮೇಲಿನ ಕೀಲು ಎರಡರ ಕೆಲಸ ಮಾಡಬೇಕಾಗುತ್ತದೆ. ಸೊಂಟದ ಫ್ಯೂಷನ್ ಆದವರ ಬಗ್ಗೆ 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತು ವರ್ಷದೊಳಗೆ ನೂರರಲ್ಲಿ ಸುಮಾರು 36 ಜನರಿಗೆ ಪಕ್ಕದ ಕೀಲಿಗೆ ಮತ್ತೊಂದು ಆಪರೇಷನ್ ಬೇಕಾಯಿತು. ಬೇರೆ ಅಧ್ಯಯನಗಳಲ್ಲಿ ಈ ಸಂಖ್ಯೆ ಇದಕ್ಕಿಂತ ಕಡಿಮೆ ಇದೆ. ಆದರೂ ಇದು ಅಪರೂಪದ ಸಂಗತಿಯಲ್ಲ.

3. ಬೆಸುಗೆ ಕೂಡದಿರುವುದು. ಮೂಳೆ ಕೂಡದಿದ್ದರೆ ಭಾರವೆಲ್ಲ ರಾಡಿನ ಮೇಲೆ ಬೀಳುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುವ ಹಾಗೆ ವರ್ಷಗಳ ಮೇಲೆ ರಾಡೂ ಮುರಿಯಬಹುದು, ಸ್ಕ್ರೂ ಸಡಿಲವಾಗಬಹುದು. ಬೀಡಿ ಸಿಗರೇಟು, ಹತೋಟಿ ತಪ್ಪಿದ ಶುಗರ್, ಟೊಳ್ಳಾದ ಮೂಳೆ ಇದಕ್ಕೆ ದಾರಿ ಮಾಡಿಕೊಡುತ್ತವೆ.

4. ರಾಡಿನ ಮೇಲ್ತುದಿಯಲ್ಲಿ ಮೂಳೆ ಕುಸಿಯುವುದು. ಕೆಳಗೆ ಗಟ್ಟಿ ಕಬ್ಬಿಣ, ಮೇಲೆ ಟೊಳ್ಳು ಮೂಳೆ. ಇವೆರಡೂ ಸೇರುವ ಜಾಗದಲ್ಲಿ ಬಿರುಕು ಬಿಟ್ಟು ಬೆನ್ನು ಮುಂದಕ್ಕೆ ಮಡಚಿಕೊಳ್ಳಬಹುದು.

ಇದು ಸೋಮಾರಿತನವಲ್ಲ

ನನ್ನ ತಾಯಿಗೆ 66ನೇ ವಯಸ್ಸಿನಲ್ಲಿ ಸೊಂಟದ ಕೆಳಗಿನ ಎರಡು ಕೀಲುಗಳನ್ನು ಬೆಸೆದಿದ್ದರು. ಮೂಳೆ ಜಾರಿ ಕಾಲಿನ ನರ ಒತ್ತಿತ್ತು. ಆಪರೇಷನ್ ಆದ ಮೇಲೆ ಕಾಲುನೋವು ಪೂರ್ತಿ ಹೋಯಿತು. ಆರು ವರ್ಷ ಆರಾಮಾಗಿದ್ದರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಾಗತೊಡಗಿದರು. ಬೆಳಿಗ್ಗೆ ಸುಮಾರಾಗಿ ನೆಟ್ಟಗಿರುತ್ತಿದ್ದರು, ಸಂಜೆಯ ಹೊತ್ತಿಗೆ ನೆಲ ನೋಡಿಕೊಂಡು ನಡೆಯುತ್ತಿದ್ದರು. ಅಡುಗೆಮನೆಯಲ್ಲಿ ಮೊಳಕೈಯನ್ನು ಕಟ್ಟೆಗೆ ಊರಿ ಒಗ್ಗರಣೆ ಹಾಕುತ್ತಿದ್ದರು.

ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಿದ್ದ ನಾನು ಮಾಡಿದ್ದೇನು ಗೊತ್ತೆ? "ಅಮ್ಮ, ನೆಟ್ಟಗೆ ನಿಂತ್ಕೋ, ಅಭ್ಯಾಸ ಕೆಟ್ಟಿದೆ ನಿಂಗೆ" ಎಂದು ಗದರಿದೆ. ಒಂದು ಬೆಲ್ಟು ಕೊಂಡುಕೊಟ್ಟೆ. ಫೋನಿನಲ್ಲೂ ಅದೇ ಮಾತು. ಎರಡು ವರ್ಷ ಹೀಗೇ ಹೋಯಿತು. ಕೊನೆಗೆ ತಲೆಯಿಂದ ತೊಡೆಯವರೆಗೆ, ನಿಲ್ಲಿಸಿಕೊಂಡು ತೆಗೆಯುವ ಉದ್ದ ಎಕ್ಸ್‌ರೇ ಮಾಡಿಸಿದಾಗ ಗೊತ್ತಾಯಿತು. ಕೆಳಗಿನ ಎರಡು ಕೀಲು ಚಪ್ಪಟೆಯಾಗಿ ಬೆಸೆದುಕೊಂಡಿದ್ದವು, ಅದರ ಮೇಲಿನ ಕೀಲು ಕುಸಿದಿತ್ತು. ನೆಟ್ಟಗೆ ನಿಲ್ಲಲು ಅವರ ಬೆನ್ನಿನಲ್ಲಿ ಜಾಗವೇ ಉಳಿದಿರಲಿಲ್ಲ. ಮಂಡಿ ಬಗ್ಗಿಸಿ, ಸೊಂಟವನ್ನು ಹಿಂದಕ್ಕೆ ತಿರುಗಿಸಿ, ದಿನವಿಡೀ ತೊಡೆಯ ಸ್ನಾಯುಗಳ ಬಲದಿಂದ ನಿಂತಿದ್ದರು. ಸಂಜೆಗೆ ಆ ಸ್ನಾಯುಗಳು ಸೋಲುತ್ತಿದ್ದವು.

ಇದನ್ನು ಮಕ್ಕಳು ಓದಬೇಕೆಂದು ಬರೆದಿದ್ದೇನೆ. ಆಪರೇಷನ್ ಆದ ಅಪ್ಪ ಅಮ್ಮ ಬಾಗುತ್ತಿದ್ದರೆ ಗದರಬೇಡಿ, ಎಕ್ಸ್‌ರೇ ಮಾಡಿಸಿ. ಹಿರಿಯರೇ, ನಿಮಗೂ ಒಂದು ಮಾತು. ಮಕ್ಕಳಿಗೆ ತೊಂದರೆ ಯಾಕೆ ಎಂದು ಮುಚ್ಚಿಡಬೇಡಿ. ನನ್ನ ತಾಯಿ ನನಗೆ ಹೇಳದೆ ಉಳಿದದ್ದು ನಾನು ಗದರುತ್ತೇನೆಂಬ ಕಾರಣಕ್ಕೆ.

ನೀವೇ ನೋಡಿಕೊಳ್ಳುವ ಪರೀಕ್ಷೆ

ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡೇ ಇದನ್ನು ಮಾಡಿ. ಗೋಡೆಗೆ ಹಿಮ್ಮಡಿ ತಾಗಿಸಿ, ಮಂಡಿ ನೇರ ಮಾಡಿ ನಿಲ್ಲಿ. ಪೃಷ್ಠ ಮತ್ತು ಬೆನ್ನು ಗೋಡೆಗೆ ತಾಗುತ್ತವೆಯೆ? ಗಲ್ಲ ಮೇಲೆತ್ತದೆ ತಲೆಯ ಹಿಂಭಾಗ ತಾಗುತ್ತದೆಯೆ? ಮಂಡಿ ಬಗ್ಗಿಸದೆ ನಿಲ್ಲಲು ಆಗದಿದ್ದರೆ, ತಲೆ ಗೋಡೆಯಿಂದ ದೂರ ಉಳಿದರೆ, ಇಲ್ಲವೇ ಪ್ರಾಯದಲ್ಲಿ ಇದ್ದುದಕ್ಕಿಂತ ಎತ್ತರ 4 ಸೆಂಟಿಮೀಟರಿಗಿಂತ ಹೆಚ್ಚು ಕಡಿಮೆಯಾಗಿದ್ದರೆ ಶಿಬಿರದ ವೈದ್ಯರಿಗೆ ಹೇಳಿ.

ಅಂಗಡಿಯಲ್ಲಿ ತಳ್ಳುಗಾಡಿಗೆ ಒರಗಿಕೊಂಡರೆ ನಡೆಯಬಲ್ಲಿರಿ, ಗಾಡಿ ಬಿಟ್ಟರೆ ಆಗುವುದಿಲ್ಲ ಎಂದಾದರೆ ಅದನ್ನೂ ಹೇಳಿ. ಬೆನ್ನು ಮುಂದಕ್ಕೆ ವಾಲಿದವರಿಗೂ ಹಾಗಾಗುತ್ತದೆ, ನರದ ದಾರಿ ಕಿರಿದಾದವರಿಗೂ ಹಾಗಾಗುತ್ತದೆ.

ಎರಡನೇ ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಮೊದಲನೆಯದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಬೆಸೆದುಕೊಂಡ ಮೂಳೆಯನ್ನು ಕತ್ತರಿಸಿ, ಬಾಗು ಕೊಟ್ಟು, ಮತ್ತೆ ಬೆಸೆಯಬೇಕು. ಒಂದು ವಿಧಾನದಲ್ಲಿ ಮೂಳೆಯಿಂದ ತ್ರಿಕೋನದ ತುಂಡೊಂದನ್ನು ತೆಗೆದು ಆ ಜಾಗವನ್ನು ಮುಚ್ಚುತ್ತಾರೆ. ಇದರಿಂದ ಒಂದೇ ಕಡೆ ಸುಮಾರು 30 ಡಿಗ್ರಿ ಬಾಗು ಸಿಗುತ್ತದೆ. ಹಿಂದಿನ ಕೀಲುಗಳನ್ನು ಮಾತ್ರ ತೆಗೆಯುವ ಚಿಕ್ಕ ವಿಧಾನದಲ್ಲಿ ಒಂದು ಕೀಲಿಗೆ ಸುಮಾರು 10 ಡಿಗ್ರಿ. ರಾಡು ಹಲವು ಸಲ ಎದೆಯ ಹಿಂಭಾಗದಿಂದ ಸೊಂಟದ ಅಗಲ ಮೂಳೆಯವರೆಗೆ ಹೋಗುತ್ತದೆ. ಹಲವು ಗಂಟೆಗಳ ಕೆಲಸ. ರಕ್ತ ಕೊಡಬೇಕಾಗಬಹುದು. ಆಸ್ಪತ್ರೆಯಲ್ಲಿ ಸುಮಾರು ಒಂದು ವಾರ, ಆಮೇಲೆ ವಾರಗಟ್ಟಲೆ ಫಿಸಿಯೋಥೆರಪಿ. ಪೂರ್ತಿ ಫಲ ತಿಳಿಯಲು ಒಂದು ವರ್ಷವಾದರೂ ಬೇಕು.

ಫಲ ಏನು, ಅಪಾಯ ಏನು?

ಒಳ್ಳೆಯ ಸುದ್ದಿ ಮೊದಲು. ಸರಿಯಾಗಿ ಆರಿಸಿದ ರೋಗಿಗಳಲ್ಲಿ ಹೆಚ್ಚಿನವರಿಗೆ ನೋವು ಕಡಿಮೆಯಾಗುತ್ತದೆ, ನಿಲ್ಲುವ ನಡೆಯುವ ಶಕ್ತಿ ಹೆಚ್ಚುತ್ತದೆ, ಎದುರಿನವರ ಮುಖ ನೋಡಿ ಮಾತಾಡಲು ಆಗುತ್ತದೆ. ನೋವು ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ.

ಇನ್ನು ಅಪಾಯ. ವಯಸ್ಕರ ಬೆನ್ನಿನ ವಕ್ರತೆಗೆ ಆಪರೇಷನ್ ಆದ 206 ಜನರ ಬಗ್ಗೆ 2011ರಲ್ಲಿ ಅಮೆರಿಕದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಸಣ್ಣದೋ ದೊಡ್ಡದೋ ಒಂದು ತೊಡಕು ಆದವರು 45ಕ್ಕಿಂತ ಕಿರಿಯರಲ್ಲಿ ನೂರಕ್ಕೆ 17. 65ರಿಂದ 85 ವಯಸ್ಸಿನವರಲ್ಲಿ ನೂರಕ್ಕೆ 71. ಆದರೆ ಅದೇ ಅಧ್ಯಯನದಲ್ಲಿ ನೋವು ಮತ್ತು ಅಸಹಾಯಕತೆ ಅತಿ ಹೆಚ್ಚು ಕಡಿಮೆಯಾದದ್ದೂ ಆ ಹಿರಿಯರಲ್ಲೇ. ಎರಡೂ ಮಾತು ನಿಜ. ಒಂದನ್ನು ಮಾತ್ರ ಹೇಳುವವರನ್ನು ನಂಬಬೇಡಿ.

2016ರಲ್ಲಿ ಪ್ರಕಟವಾದ, ಹಲವು ದೇಶಗಳ ಆಸ್ಪತ್ರೆಗಳು ಸೇರಿ ಮಾಡಿದ ಇನ್ನೊಂದು ಅಧ್ಯಯನ ಕಠಿಣ ಆಪರೇಷನ್‌ಗಳನ್ನೇ ನೋಡಿತು. ಆಸ್ಪತ್ರೆ ಬಿಡುವಾಗ ನೂರರಲ್ಲಿ ಸುಮಾರು 22 ಜನರ ಕಾಲಿನ ಬಲ ಮೊದಲಿಗಿಂತ ಕಡಿಮೆಯಾಗಿತ್ತು. ಆರು ತಿಂಗಳ ಹೊತ್ತಿಗೆ ಅದು 11ಕ್ಕೆ ಇಳಿದಿತ್ತು. ಅಂದರೆ ಅರ್ಧದಷ್ಟು ಜನ ಚೇತರಿಸಿಕೊಂಡರು, ಉಳಿದವರಿಗೆ ಬಲ ಇನ್ನೂ ಮರಳಿರಲಿಲ್ಲ.

ಇವಲ್ಲದೆ ಹಳೆಯ ಗಾಯದ ಕಲೆಯಿಂದಾಗಿ ನರದ ಹೊದಿಕೆ ಹರಿಯುವುದು, ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಕೆಲದಿನ ಬುದ್ಧಿ ಮಂಕಾಗುವುದು, ರಾಡು ಮತ್ತೆ ಮುರಿಯುವುದು, ಮೂರನೇ ಆಪರೇಷನ್ ಬೇಕಾಗುವುದು, ಇವೆಲ್ಲ ಸಾಧ್ಯ.

ಯಾರೂ ಮೊದಲೇ ಹೇಳದ ವಿಷಯ

ರಾಡು ಸೊಂಟದ ಅಗಲ ಮೂಳೆಯವರೆಗೆ ಹೋದರೆ ಸೊಂಟ ಬಾಗುವುದೇ ಇಲ್ಲ. ನೆಲದ ಮೇಲೆ ಕೂರುವುದು, ಊರಿನ ಕೂರುವ ಕಕ್ಕಸು, ಕಾಲಿನ ಉಗುರು ಕತ್ತರಿಸುವುದು, ಸಾಕ್ಸ್ ಹಾಕುವುದು ಕಷ್ಟ. ಶೌಚದ ನಂತರ ಶುಚಿ ಮಾಡಿಕೊಳ್ಳಲು ಕೈ ತಲುಪದೆ ಹೋಗಬಹುದು. ಇದನ್ನು ಕೇಳಲು ನಾಚಿಕೆ ಪಡಬೇಡಿ. ನೀರು ಚಿಮ್ಮಿಸುವ ಕಮೋಡು, ಉದ್ದ ಹಿಡಿಯ ಸಾಧನ ಇವೆ. ಆದರೆ ಮೊದಲೇ ಗೊತ್ತಿದ್ದು ಒಪ್ಪುವುದು ಬೇರೆ, ಆದ ಮೇಲೆ ತಿಳಿಯುವುದು ಬೇರೆ.

ಒಬ್ಬರು ಒಪ್ಪಿದರು, ಒಬ್ಬರು ಬೇಡವೆಂದರು

ನನ್ನ ತಾಯಿ 74ನೇ ವಯಸ್ಸಿನಲ್ಲಿ ಊರಿನಲ್ಲೇ ಎರಡನೇ ಆಪರೇಷನ್ ಮಾಡಿಸಿಕೊಂಡರು. ನಿರ್ಧಾರ ಅವರದೇ. "ಬೀದಿಯಲ್ಲಿ ಹೋಗೋವಾಗ ಜನರ ಚಪ್ಪಲಿ ಬಿಟ್ಟು ಮುಖ ನೋಡ್ಬೇಕು" ಎಂದರು. ಎಂಟು ಗಂಟೆ ಹಿಡಿಯಿತು. ಎಚ್ಚರವಾದಾಗ ಬಲಗಾಲಿನ ಪಾದ ಮೇಲೇಳಲಿಲ್ಲ. ಏಳು ತಿಂಗಳು ಪಟ್ಟಿ ಹಾಕಿಕೊಂಡು ನಡೆದರು. ಆ ತಿಂಗಳುಗಳಲ್ಲಿ, ತಪ್ಪು ಮಾಡಿದೆವೇ ಎಂದು ನಾನು ರಾತ್ರಿ ನಿದ್ದೆ ಕೆಟ್ಟದ್ದುಂಟು. ಬಲ ಬಹುಪಾಲು ಮರಳಿತು. ಈಗ ಅವರಿಗೆ 78. ಕೋಲು ಹಿಡಿದು ದೇವಸ್ಥಾನಕ್ಕೆ ಮೂರು ಪ್ರದಕ್ಷಿಣೆ ಹಾಕುತ್ತಾರೆ. ಬಗ್ಗಿ ರಂಗೋಲಿ ಇಡಲು ಆಗುವುದಿಲ್ಲ. ಪಕ್ಕದ ಮನೆಯ ಹುಡುಗಿ ಇಡುತ್ತಾಳೆ, ಇವರು ಕುರ್ಚಿಯಲ್ಲಿ ಕೂತು ಚುಕ್ಕಿಯ ಲೆಕ್ಕ ಹೇಳುತ್ತಾರೆ.

ಹಿಂದಿನ ಒಂದು ಶಿಬಿರದಲ್ಲಿ ಸಿಕ್ಕ ಹಿರಿಯರೊಬ್ಬರ ಕಥೆ ಬೇರೆ. ವಯಸ್ಸು 79, ಹೃದಯಕ್ಕೆ ಸ್ಟೆಂಟು, ಮೂಳೆ ಬಹಳ ಟೊಳ್ಳು. ವಾಕರ್ ಹಿಡಿದರೆ ಕಾಲು ಗಂಟೆ ನಡೆಯುತ್ತಿದ್ದರು. ನರದ ತೊಂದರೆ ಇರಲಿಲ್ಲ. ಎಲ್ಲ ಕೇಳಿಸಿಕೊಂಡು ಬೇಡವೆಂದರು. ಮೂಳೆಗೆ ಔಷಧಿ, ಫಿಸಿಯೋಥೆರಪಿ, ಎತ್ತರದ ವಾಕರ್, ನೋವಿಗೆ ಚಿಕಿತ್ಸೆ ತೆಗೆದುಕೊಂಡರು. ಅದೂ ಸರಿಯಾದ ನಿರ್ಧಾರವೇ. ಬೇಡ ಎಂದವರು ಅಂಜುಬುರುಕರಲ್ಲ.

ಒಪ್ಪುವ ಮೊದಲು ಸರ್ಜನ್‌ಗೆ ಕೇಳಬೇಕಾದದ್ದು

- ನನ್ನ ಬೆನ್ನು ಬಾಗಿದ್ದಕ್ಕೆ ನಿಖರ ಕಾರಣ ಯಾವುದು? ನಿಂತು ತೆಗೆದ ಉದ್ದ ಎಕ್ಸ್‌ರೇಯಲ್ಲಿ ತೋರಿಸುತ್ತೀರಾ?
- ಹಳೆಯ ಬೆಸುಗೆ ಕೂಡಿದೆಯೆ? ಸಿಟಿ ಸ್ಕ್ಯಾನ್ ಬೇಕೆ?
- ಚಿಕ್ಕ ಆಪರೇಷನ್‌ನಲ್ಲಿ ಮುಗಿಯುವ ದಾರಿ ಇದೆಯೆ?
- ರಾಡು ಎಲ್ಲಿಂದ ಎಲ್ಲಿಗೆ? ಆಮೇಲೆ ನಾನು ಏನೇನು ಮಾಡಲಾಗುವುದಿಲ್ಲ?
- ಎಷ್ಟು ನೇರ ಮಾಡುತ್ತೀರಿ? ಎಪ್ಪತ್ತರವರಿಗೆ ಇಪ್ಪತ್ತರವರಷ್ಟು ನೇರ ಬೇಕಿಲ್ಲ. ಅತಿಯಾಗಿ ನೇರ ಮಾಡಿದರೆ ರಾಡಿನ ಮೇಲ್ತುದಿ ಕುಸಿಯುವ ಅಪಾಯ ಹೆಚ್ಚು.
- ಇಂಥ ಎರಡನೇ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ?
- ಮಾಡಿಸದಿದ್ದರೆ ಮುಂದೆ ಏನಾಗುತ್ತದೆ?

ಮೊದಲು ಆಪರೇಷನ್ ಮಾಡಿದವರನ್ನು ಬಿಟ್ಟು ಇನ್ನೊಬ್ಬರ ಅಭಿಪ್ರಾಯ ಕೇಳುವುದು ಅಗೌರವವಲ್ಲ.

ಇಲ್ಲಿರುವ ತಿಂಗಳುಗಳಲ್ಲಿ ಮಾಡಬಹುದಾದದ್ದು

ಪ್ರವಾಸಿ ವೀಸಾದಲ್ಲಿ ಬಂದವರು ಈ ಆಪರೇಷನ್ ಅನ್ನು ಅಮೆರಿಕದಲ್ಲಿ ಮಾಡಿಸುವ ಯೋಚನೆ ಸಾಮಾನ್ಯವಾಗಿ ಬಿಡುವುದೇ ಒಳ್ಳೆಯದು. ಖರ್ಚು ಒಂದು ಲಕ್ಷ ಡಾಲರ್ ದಾಟಬಹುದು. ಪ್ರವಾಸಿ ವಿಮೆ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಗ್ರೀನ್ ಕಾರ್ಡ್ ಇರುವ 65 ದಾಟಿದವರು ಇಲ್ಲಿ ಸತತ 5 ವರ್ಷ ನೆಲೆಸಿದ ಮೇಲೆ ಕಂತು ಕಟ್ಟಿ ಮೆಡಿಕೇರ್ ಪಡೆಯಬಹುದು. ಆದರೆ ಸಿದ್ಧತೆ ಇಲ್ಲಿಂದಲೇ ಶುರುವಾಗಲಿ.

- ಹಳೆಯ ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಹಾಕಿದ ಸ್ಕ್ರೂ ರಾಡಿನ ವಿವರ ಊರಿನಿಂದ ತರಿಸಿ ಫೋನಿನಲ್ಲಿ ಇಟ್ಟುಕೊಳ್ಳಿ.
- ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿ. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಪರೇಷನ್‌ಗೆ ಮೊದಲು ಚಿಕಿತ್ಸೆ ಬೇಕು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ವಿಟಮಿನ್ ಡಿ ನೋಡಿಸಿ.
- ಶುಗರ್ ಹತೋಟಿಗೆ ತನ್ನಿ. ಹೊಗೆಸೊಪ್ಪು ಯಾವ ರೂಪದಲ್ಲಿದ್ದರೂ ಬಿಡಿ.
- ಬರೀ ಅನ್ನ ಸಾರಿನಲ್ಲಿ ಗಾಯ ಮಾಯದು. ಬೇಳೆ, ಕಾಳು, ಮೊಸರು, ಪನೀರು ದಿನವೂ ಇರಲಿ.
- ಹವಾಮಾನ ಕೆಟ್ಟಿದ್ದರೆ ಮಾಲ್‌ನೊಳಗೆ ನಡೆಯಿರಿ. ಕೋಲು, ವಾಕರ್ ಹಿಡಿಯಲು ಸಂಕೋಚ ಬೇಡ.
- ಊರಿನಿಂದ ತಂದ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಕೇಳದೆ ದಿನವೂ ನುಂಗಬೇಡಿ. ಕಿಡ್ನಿ, ಹೊಟ್ಟೆ, ಬಿಪಿ ಮೂರಕ್ಕೂ ಕೆಡುಕು. ನಮ್ಮ ಪ್ಯಾರಾಸಿಟಮಾಲ್ ಇಲ್ಲಿ ಟೈಲೆನಾಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಎರಡೂ ಒಂದೇ, ಎರಡನ್ನೂ ಸೇರಿಸಿ ನುಂಗಬೇಡಿ.
- ರಾಡು ಇರುವ ಬೆನ್ನನ್ನು ಯಾರಿಂದಲೂ ಲಟಲಟ ಅನ್ನಿಸಿಕೊಳ್ಳಬೇಡಿ, ತುಳಿಸಿಕೊಳ್ಳಬೇಡಿ.
- ದೇವಸ್ಥಾನದಲ್ಲಿ ಕುರ್ಚಿಯ ಮೇಲೆ ಕುಳಿತು ಭಜನೆ ಮಾಡಿ. ನಿಂತೇ ಕೈಮುಗಿಯಿರಿ. ದೇವರು ಸಾಷ್ಟಾಂಗದ ಲೆಕ್ಕ ಇಟ್ಟಿಲ್ಲ.

ಕಾಯಬಾರದ ಲಕ್ಷಣಗಳು

ಮೂತ್ರ ಅಥವಾ ಮಲ ಹಿಡಿತಕ್ಕೆ ಬಾರದಿರುವುದು, ಮೂತ್ರ ಹೋಗದೆ ಕಟ್ಟಿಕೊಳ್ಳುವುದು, ಗುಪ್ತಾಂಗದ ಸುತ್ತ ಜೋಮು, ಕಾಲಿನ ಬಲ ದಿಢೀರನೆ ಕಡಿಮೆಯಾಗುವುದು, ಜ್ವರದ ಜೊತೆ ಬೆನ್ನುನೋವು, ಬಿದ್ದ ಮೇಲೆ ತಡೆಯಲಾಗದ ನೋವು. ಇವುಗಳಲ್ಲಿ ಒಂದಿದ್ದರೂ ಮಗ ಆಫೀಸಿನಿಂದ ಬರಲೆಂದು ಕಾಯಬೇಡಿ. 911ಕ್ಕೆ ಕರೆ ಮಾಡಿ. 1986ರ ಕಾನೂನಿನ ಪ್ರಕಾರ ಇಲ್ಲಿನ ಆಸ್ಪತ್ರೆಯ ತುರ್ತು ವಿಭಾಗ ವಿಮೆ ಇದೆಯೋ ಇಲ್ಲವೋ ಎಂದು ನೋಡದೆ ನಿಮ್ಮನ್ನು ಪರೀಕ್ಷಿಸಿ, ಸ್ಥಿತಿ ಸ್ಥಿರವಾಗುವಂತೆ ಚಿಕಿತ್ಸೆ ಕೊಡಲೇಬೇಕು. ಬಿಲ್ಲು ಆಮೇಲೆ ಬರುತ್ತದೆ, ಅದರ ಬಗ್ಗೆ ಆಮೇಲೆ ಮಾತಾಡಬಹುದು. ನರಕ್ಕೆ ಅಷ್ಟು ಸಮಯವಿಲ್ಲ.

ಕೊನೆಯ ಮಾತು. ಎರಡನೇ ಆಪರೇಷನ್ ಬೇಕೋ ಬೇಡವೋ ಎಂಬುದು ಎಕ್ಸ್‌ರೇ ನೋಡಿ ಮಾತ್ರ ನಿರ್ಧಾರವಾಗುವುದಿಲ್ಲ. ನಿಮ್ಮ ದಿನ ಹೇಗೆ ಕಳೆಯುತ್ತಿದೆ, ಮುಂದೆ ಹೇಗೆ ಕಳೆಯಬೇಕೆಂದು ನಿಮಗೆ ಆಸೆಯಿದೆ, ಅದಕ್ಕೆ ಎಷ್ಟು ಕಷ್ಟ ಪಡಲು ಸಿದ್ಧರಿದ್ದೀರಿ ಎಂಬುದನ್ನು ನೋಡಿ ನಿರ್ಧಾರವಾಗುತ್ತದೆ. ಮಕ್ಕಳು ಸಲಹೆ ಕೊಡಲಿ, ವೈದ್ಯರು ದಾರಿ ತೋರಿಸಲಿ. ಹೂಂ ಅಥವಾ ಬೇಡ ಎಂಬ ಮಾತು ನಿಮ್ಮ ಬಾಯಿಂದಲೇ ಬರಲಿ.

ಇಂದು ಮಧ್ಯಾಹ್ನ ಪ್ರಸಾದದ ನಂತರವೂ ನಾನು ಇಲ್ಲೇ ಇರುತ್ತೇನೆ. ಹಳೆಯ ಎಕ್ಸ್‌ರೇ ಇದ್ದರೆ ತನ್ನಿ, ಒಟ್ಟಿಗೆ ಕೂತು ನೋಡೋಣ. ಆರೋಗ್ಯವಾಗಿರಿ.